ವಿಂಡೋಸ್ 10ರಲ್ಲೇ ಉಳಿಯಬೇಕಾ, 11ಕ್ಕೆ ಹೋಗಬೇಕಾ? ಮನೆ ಕಂಪ್ಯೂಟರ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. ಅದಕ್ಕೆ ಎಲ್ಲರಿಗೂ ತಾನಾಗಿ ಬರುತ್ತಿದ್ದ ಸುರಕ್ಷತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಮಾರನೇ ದಿನ ಯಾರ ಕಂಪ್ಯೂಟರೂ ಕೆಡಲಿಲ್ಲ. ಎಂದಿನಂತೆ ಆನ್ ಆಯಿತು, ಯೂಟ್ಯೂಬ್ ಓಡಿತು, ಪ್ರಿಂಟ್ ಬಂತು. ಅದಕ್ಕೇ ಎಷ್ಟೋ ಮನೆಗಳಲ್ಲಿ ಈ ವಿಷಯ "ಆಮೇಲೆ ನೋಡೋಣ" ಅಂತ ಹಾಗೇ ಉಳಿದುಬಿಟ್ಟಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೊಸದು ಬಂದಿದೆ ಅನ್ನೋದು ಅಪ್‌ಗ್ರೇಡ್ ಮಾಡಲು ಕಾರಣವೇ ಅಲ್ಲ. ಸುರಕ್ಷತಾ ಅಪ್‌ಡೇಟ್ ಬರುತ್ತಿದೆಯಾ, ಆ ಕಂಪ್ಯೂಟರಿನಲ್ಲಿ ಮನೆಯವರು ಏನೇನು ಕೆಲಸ ಮಾಡುತ್ತಾರೆ, ಈ ಎರಡನ್ನು ನೋಡಿ ತೀರ್ಮಾನ ಮಾಡಿ. ಅಪ್‌ಡೇಟ್ ಇಲ್ಲದ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಬೇಡವೇ ಬೇಡ. ಹಾಗಂತ ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಮೂಲೆಗೆ ಹಾಕುವುದೂ ಬೇಡ. ನಡುವೆ ಮೂರ್ನಾಲ್ಕು ಒಳ್ಳೇ ದಾರಿಗಳಿವೆ.

ಅಪ್‌ಡೇಟ್ ನಿಂತರೆ ನಿಜಕ್ಕೂ ಏನಾಗುತ್ತದೆ?

ವಿಂಡೋಸ್‌ನಂಥ ದೊಡ್ಡ ತಂತ್ರಾಂಶದಲ್ಲಿ ಸುರಕ್ಷತೆಯ ಲೋಪಗಳು ಸಿಗುತ್ತಲೇ ಇರುತ್ತವೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಅವನ್ನು ಮುಚ್ಚುವ ಅಪ್‌ಡೇಟ್ ಬಿಡುತ್ತದೆ. ವಿಂಡೋಸ್ 10 ಮತ್ತು 11ರ ಒಳಭಾಗ ಬಹಳಷ್ಟು ಒಂದೇ. 11ರಲ್ಲಿ ಇಂಥ ಲೋಪ ಮುಚ್ಚಿದ್ದೇವೆ ಅಂತ ಪ್ರಕಟಿಸಿದರೆ ಸಾಕು, ಅದೇ ಲೋಪ 10ರಲ್ಲೂ ಇದೆಯಾ ಅಂತ ಕಳ್ಳರು ಹುಡುಕುತ್ತಾರೆ.

2017ರಲ್ಲಿ ಆದದ್ದನ್ನು ನೆನಪು ಮಾಡಿಕೊಳ್ಳಿ. ಆ ವರ್ಷ ಮಾರ್ಚ್‌ನಲ್ಲೇ ಮೈಕ್ರೋಸಾಫ್ಟ್ ಒಂದು ಲೋಪಕ್ಕೆ ಅಪ್‌ಡೇಟ್ ಕೊಟ್ಟಿತ್ತು. ಮೇ 12ರಂದು ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಅದೇ ಲೋಪದ ಮೂಲಕ ಹರಡಿತು. ಜಗತ್ತಿನಾದ್ಯಂತ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ಸ್ಥಗಿತವಾಯಿತು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಅದು ತಾನೇ ಹಾರುತ್ತಿತ್ತು. ಮಾರ್ಚ್‌ನ ಅಪ್‌ಡೇಟ್ ಹಾಕಿಕೊಂಡಿದ್ದ ಯಂತ್ರಗಳಿಗೆ ಹಾಗೆ ಹಾರಿ ಬರಲು ಅದಕ್ಕೆ ಆಗಲಿಲ್ಲ.

"ನಮ್ಮಲ್ಲಿ ಆ್ಯಂಟಿವೈರಸ್ ಇದೆಯಲ್ಲ?" ಅಂತ ಕೇಳುವವರು ಜಾಸ್ತಿ. ಇರಲಿ, ಒಳ್ಳೇದೇ. ಆದರೆ ಆಪರೇಟಿಂಗ್ ಸಿಸ್ಟಂ ಒಳಗಿನ ಲೋಪವನ್ನು ಆ್ಯಂಟಿವೈರಸ್ ಮುಚ್ಚುವುದಿಲ್ಲ. ಅದನ್ನು ಮುಚ್ಚುವುದು ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಮಾತ್ರ.

ಇನ್ನೊಂದು ಪರಿಣಾಮ ನಿಧಾನವಾಗಿ ಬರುತ್ತದೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ಮುಗಿಯಿತು. ಮೂರು ವರ್ಷ ಕಳೆದು, 2023ರ ಆರಂಭದಲ್ಲಿ ಗೂಗಲ್ ಕ್ರೋಮ್ ಕೂಡ ವಿಂಡೋಸ್ 7ನ್ನು ಕೈಬಿಟ್ಟಿತು. ಬ್ರೌಸರ್ ಹಳತಾದರೆ ಬ್ಯಾಂಕು, ಸರ್ಕಾರಿ ಜಾಲತಾಣಗಳು ಒಂದೊಂದಾಗಿ ತಕರಾರು ಶುರು ಮಾಡುತ್ತವೆ. ವಿಂಡೋಸ್ 10ಕ್ಕೂ ಆ ದಿನ ಒಮ್ಮೆ ಬರುತ್ತದೆ.

ಮೊದಲ ಹೆಜ್ಜೆ: ಕಂಪ್ಯೂಟರ್ ಮುಟ್ಟುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ

ಮನೆಯವರನ್ನೆಲ್ಲ ಕೇಳಿ, ಯಾರು ಏನಕ್ಕೆ ಬಳಸುತ್ತಾರೆ ಅಂತ ಬರೆದುಕೊಳ್ಳಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಅಪ್‌ಗ್ರೇಡ್ ಆದ ಮೇಲೆ ಶುರುವಾಗುವ ಪರದಾಟ ಬಹುಪಾಲು ವಿಂಡೋಸ್‌ನದ್ದಾಗಿರುವುದಿಲ್ಲ. ಅದರ ಮೇಲೆ ಓಡುತ್ತಿದ್ದ ಯಾವುದೋ ಹಳೇ ಪ್ರೋಗ್ರಾಂನದ್ದೋ, ಅದಕ್ಕೆ ಚುಚ್ಚಿದ್ದ ಯಾವುದೋ ಸಾಧನದ್ದೋ ಆಗಿರುತ್ತದೆ.

ಪ್ರಿಂಟರ್, ಸ್ಕ್ಯಾನರ್‌ಗಳ ಮಾಡೆಲ್ ನಂಬರ್ ಬರೆದುಕೊಳ್ಳಿ. ಹತ್ತು ಹದಿನೈದು ವರ್ಷ ಹಳೇ ಲೇಸರ್ ಪ್ರಿಂಟರ್ ಇದ್ದರೆ, ತಯಾರಕರ ಜಾಲತಾಣಕ್ಕೆ ಹೋಗಿ ಆ ಮಾಡೆಲ್‌ಗೆ ವಿಂಡೋಸ್ 11ರ ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಪುಟ್ಟ ತಂತ್ರಾಂಶ) ಇದೆಯಾ ನೋಡಿ. ಇದ್ದರೆ ಈಗಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಜಿಎಸ್‌ಟಿ, ಟೆಂಡರ್, ಆದಾಯ ತೆರಿಗೆಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ಅದರ ಡ್ರೈವರ್‌ಗೂ ಹೀಗೇ ಮಾಡಿ. ಟ್ಯಾಲಿ ಇದ್ದರೆ ಯಾವ ಆವೃತ್ತಿ, ಲೈಸೆನ್ಸ್ ಯಾರ ಹೆಸರಲ್ಲಿದೆ, ಡೇಟಾ ಯಾವ ಫೋಲ್ಡರಿನಲ್ಲಿದೆ, ಇಷ್ಟೂ ಹಾಳೆಯಲ್ಲಿರಲಿ.

ಇನ್ನು ಕನ್ನಡದ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ನುಡಿ ಅಥವಾ ಬರಹ ತಂತ್ರಾಂಶದಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ ಪತ್ರ, ಲೇಖನ, ಸಂಘದ ನಡಾವಳಿಗಳು ನಿಮ್ಮಲ್ಲೂ ಇರಬಹುದು. ಅವುಗಳಲ್ಲಿ ಹಳೆಯವು ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಆಗಿರುವುದಿಲ್ಲ, ಆಸ್ಕಿ ಫಾಂಟಿನಲ್ಲಿ ಇರುತ್ತವೆ. ಅಂದರೆ ಫೈಲಿನ ಒಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವನ್ನು ಕನ್ನಡದಂತೆ ತೋರಿಸುತ್ತದೆ ಅಷ್ಟೇ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದರೆ ಅರ್ಥವಿಲ್ಲದ ಕಲಸುಮೇಲೋಗರ ಕಾಣುತ್ತದೆ.

ಪರೀಕ್ಷೆ ಸುಲಭ. ವರ್ಡ್‌ನಲ್ಲಿ ಅಂಥ ಒಂದು ಫೈಲ್ ತೆರೆಯಿರಿ. ಒಂದು ಸಾಲು ಆಯ್ದು ಫಾಂಟನ್ನು ನಿರ್ಮಲಾ ಯುಐಗೆ ಬದಲಾಯಿಸಿ. ಕನ್ನಡ ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಚಿಂತೆಯಿಲ್ಲ. ಇಂಗ್ಲಿಷ್ ಚಿಹ್ನೆಗಳಾಗಿ ಬದಲಾದರೆ ಆಸ್ಕಿ. ಸೇವ್ ಮಾಡದೆ ಮುಚ್ಚಿ. ಅಂಥ ಫೈಲುಗಳಿಗೆ ಬಳಸಿದ ಫಾಂಟುಗಳನ್ನು ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿನಿಂದ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ನುಡಿ ಅಥವಾ ಬರಹದ ಇನ್‌ಸ್ಟಾಲರ್ ಫೈಲ್ ಕೂಡ ಜೊತೆಗಿರಲಿ. ಮುಖ್ಯವಾದ ಫೈಲುಗಳನ್ನು ಬಿಡುವಾದಾಗ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಆಸ್ತಿಪತ್ರ, ಖಾಸಗಿ ಕಾಗದಗಳನ್ನು ಮಾತ್ರ ಗುರುತಿಲ್ಲದ ಆನ್‌ಲೈನ್ ಕನ್ವರ್ಟರ್‌ಗಳಿಗೆ ಹಾಕಬೇಡಿ. ಕಂಪ್ಯೂಟರಿನಲ್ಲೇ ಓಡುವ ಕನ್ವರ್ಟರ್ ಬಳಸಿ.

ಎರಡನೇ ಹೆಜ್ಜೆ: ಯಂತ್ರದ ಯೋಗ್ಯತೆ ನೋಡಿ

ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಇದೆ. ಅದನ್ನು ಮೈಕ್ರೋಸಾಫ್ಟ್ ಜಾಲತಾಣದಿಂದಲೇ ಇಳಿಸಿ ಓಡಿಸಿ, ನಿಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಆಗುತ್ತದೋ ಇಲ್ಲವೋ ಹೇಳುತ್ತದೆ. ಆಗುವುದಿಲ್ಲ ಅಂದರೆ ಅಲ್ಲಿಗೇ ಕೈಬಿಡಬೇಡಿ. ಯಾಕೆ ಆಗುವುದಿಲ್ಲ ಅನ್ನೋದು ಮುಖ್ಯ. ಕೆಲವು ಕಾರಣಗಳಿಗೆ ಪರಿಹಾರವಿದೆ, ಕೆಲವಕ್ಕೆ ಇಲ್ಲ.

ಪ್ರೊಸೆಸರ್ ಕಾರಣವಾದರೆ ಪರಿಹಾರ ಇಲ್ಲ ಎಂದೇ ತಿಳಿಯಿರಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರಲ್ಲಿ ಅಬೌಟ್ ತೆರೆದರೆ ಪ್ರೊಸೆಸರ್ ಹೆಸರು ಕಾಣುತ್ತದೆ. ಇಂಟೆಲ್ ಐ5-7200ಯು ಅಂತ ಇದ್ದರೆ ಅಡ್ಡಗೆರೆಯ ನಂತರದ 7 ಅನ್ನೋದೇ ತಲೆಮಾರು. ಐ5-8250ಯು ಇದ್ದರೆ ಎಂಟನೇ ತಲೆಮಾರು. ಐ5-10210ಯು ಅಂದರೆ ಹತ್ತನೆಯದು. ವಿಂಡೋಸ್ 11ಕ್ಕೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಏಳರಲ್ಲಿ ಬೆರಳೆಣಿಕೆಯ ಮಾಡೆಲ್‌ಗಳಿಗೆ ಮಾತ್ರ ವಿನಾಯಿತಿ ಇದೆ. ಹಾಗಾಗಿ 2017-18ರ ಆಸುಪಾಸಿನಲ್ಲಿ ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪಾಸಾಗುತ್ತದೆ, ಅದೇ ಅಂಗಡಿಯಲ್ಲಿ ಕೆಲವೇ ತಿಂಗಳು ಮುಂಚೆ ಕೊಂಡದ್ದು ಫೇಲಾಗುತ್ತದೆ. ಎಎಂಡಿ ರೈಝೆನ್‌ನಲ್ಲಿ ಹೆಸರು ನೋಡಿ ಲೆಕ್ಕ ಹಾಕುವುದು ಕಷ್ಟ, ಹೆಲ್ತ್ ಚೆಕ್ ಹೇಳಿದ್ದನ್ನೇ ನಂಬಿ.

ಟಿಪಿಎಂ ಕಾರಣವಾದರೆ ಪರಿಹಾರ ಇರಬಹುದು. ಇದು ಗುಪ್ತ ಕೀಲಿಗಳನ್ನು ಕಾಪಾಡುವ ಒಂದು ಭದ್ರತಾ ವ್ಯವಸ್ಥೆ. ಇದರ 2.0 ಆವೃತ್ತಿ ಬೇಕು. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಪುಟ್ಟ ಪೆಟ್ಟಿಗೆಯಲ್ಲಿ ಇಂಗ್ಲಿಷ್‌ನಲ್ಲಿ ಟಿ, ಪಿ, ಎಂ, ಒಂದು ಚುಕ್ಕಿ, ಎಂ, ಎಸ್, ಸಿ ಅಂತ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ತೆರೆಯುವ ಕಿಟಕಿಯಲ್ಲಿ ಸ್ಪೆಸಿಫಿಕೇಶನ್ ವರ್ಷನ್ 2.0 ಅಂತ ಕಂಡರೆ ಸರಿ. ಟಿಪಿಎಂ ಸಿಗುತ್ತಿಲ್ಲ ಅಂತ ಬಂದರೆ, ಇಲ್ಲವೇ ಇಲ್ಲ ಅಂತ ಅರ್ಥವಲ್ಲ. ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಅದು ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮುಂಚೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದಲ್ಲಿ, ಆಫ್ ಆಗಿರುತ್ತದೆ. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಇರುತ್ತದೆ. ಅದನ್ನು ಆನ್ ಮಾಡಿದರೆ ಆಯಿತು.

ಒಂದು ಎಚ್ಚರಿಕೆ. ಬಯಾಸ್‌ನಲ್ಲಿ ಏನನ್ನಾದರೂ ಬದಲಾಯಿಸುವ ಮುಂಚೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯಾ ನೋಡಿ. ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀ ನಿಮ್ಮ ಕೈಯಲ್ಲಿರಲೇಬೇಕು. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿದ್ದರೆ ಸಾಮಾನ್ಯವಾಗಿ ಅದು ಆ ಅಕೌಂಟಿನಲ್ಲೇ ಉಳಿದಿರುತ್ತದೆ. ಕಾಗದದ ಮೇಲೆ ಬರೆದುಕೊಳ್ಳಿ. ಕೀ ಇಲ್ಲದೆ ಸಿಕ್ಕಿಬಿದ್ದರೆ ಮನೆಯ ಫೋಟೋಗಳೆಲ್ಲ ಒಳಗೇ ಉಳಿದುಹೋಗುತ್ತವೆ, ಯಾವ ಅಂಗಡಿಯವರೂ ತೆಗೆದುಕೊಡಲಾರರು.

ಮೂರನೇ ಅಡ್ಡಿ ಲೆಗಸಿ ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸುವ ಹಳೇ ವಿಧಾನ. ಇದರ ಹೊಸ ವಿಧಾನವೇ ಯುಇಎಫ್‌ಐ. ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಇದನ್ನು ಕಾಣುತ್ತೇವೆ. ಸ್ಟಾರ್ಟ್ ಒತ್ತಿ ಸಿಸ್ಟಂ ಇನ್ಫರ್ಮೇಶನ್ ಅಂತ ಹುಡುಕಿ ತೆರೆಯಿರಿ. ಬಯಾಸ್ ಮೋಡ್ ಎದುರು ಯುಇಎಫ್‌ಐ ಅಂತಿದ್ದರೆ ಸರಿ. ಲೆಗಸಿ ಅಂತಿದ್ದರೆ ಡಿಸ್ಕನ್ನು ಎಂಬಿಆರ್‌ನಿಂದ ಜಿಪಿಟಿ ಎಂಬ ವ್ಯವಸ್ಥೆಗೆ ಮೊದಲು ಬದಲಾಯಿಸಿ, ಆಮೇಲೆ ಬಯಾಸ್‌ನಲ್ಲಿ ಯುಇಎಫ್‌ಐ ಮಾಡಬೇಕು. ಡಿಸ್ಕ್ ಬದಲಾಯಿಸದೆ ಬಯಾಸ್ ಮಾತ್ರ ಬದಲಾಯಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಡಿಸ್ಕ್ ಬದಲಾಯಿಸುವ ಸಲಕರಣೆ ವಿಂಡೋಸ್‌ನಲ್ಲೇ ಇದೆ. ಆದರೂ ಕಮ್ಯಾಂಡ್ ಟೈಪ್ ಮಾಡಿ ರೂಢಿ ಇಲ್ಲದವರು ಈ ಒಂದು ಕೆಲಸವನ್ನು ಬಲ್ಲವರಿಗೆ ಕೊಡಿ, ಅದೂ ಬ್ಯಾಕಪ್ ಆದ ಮೇಲೆ.

ಉಳಿದದ್ದು ರ‍್ಯಾಮ್ ಮತ್ತು ಡಿಸ್ಕ್. ನಿಯಮದ ಪ್ರಕಾರ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಸಾಕು. ದಿನನಿತ್ಯ ಬಳಸುವವರಿಗೆ 8 ಜಿಬಿಗಿಂತ ಕಮ್ಮಿ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಳೇ ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ 11 ಹಾಕಿದರೆ ಆನ್ ಮಾಡಿ ಕಾಫಿ ಕುಡಿದು ಬಂದರೂ ಎದ್ದಿರುವುದಿಲ್ಲ. ಮೊದಲು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕ್) ಹಾಕಿಸಿ. ಒಂದೇ ಖರ್ಚು ಮಾಡಲು ಸಾಧ್ಯ ಅನ್ನುವವರಿಗೂ ನನ್ನ ಸಲಹೆ ಎಸ್‌ಎಸ್‌ಡಿಯೇ. ವಿಂಡೋಸ್ 10ರಲ್ಲೇ ಉಳಿದರೂ, ವಿಂಡೋಸ್ ಬದಲು ಬಳಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೆ ಹೋದರೂ ಅದು ವ್ಯರ್ಥವಾಗುವುದಿಲ್ಲ.

ಮೂರನೇ ಹೆಜ್ಜೆ: ನಿಮ್ಮ ದಾರಿ ಯಾವುದು?

*ಹೆಲ್ತ್ ಚೆಕ್ ಪಾಸ್, ಪಟ್ಟಿಯಲ್ಲಿನ ಎಲ್ಲಕ್ಕೂ ಡ್ರೈವರ್ ಇದೆ.* ಹಾಗಾದರೆ ವಿಂಡೋಸ್ 11ಕ್ಕೆ ಹೋಗಿ. ಅಸಲಿ ವಿಂಡೋಸ್ 10 ಇರುವವರಿಗೆ ಇದು ಉಚಿತ. ಕಾಯುವುದರಿಂದ ಸಿಗುವ ಲಾಭ ಏನೂ ಇಲ್ಲ.

*ಪಾಸ್ ಆಗಿದೆ, ಆದರೆ ಒಂದು ಮುಖ್ಯ ಪ್ರೋಗ್ರಾಂ ಬಗ್ಗೆ ಅನುಮಾನ.* ಅಥವಾ *ಪ್ರೊಸೆಸರ್ ಹಳೆಯದು, ಹೊಸದು ಕೊಳ್ಳಲು ಸ್ವಲ್ಪ ಸಮಯ ಬೇಕು.* ಈ ಇಬ್ಬರಿಗೂ ವಿಸ್ತರಿತ ಸುರಕ್ಷತಾ ಅಪ್‌ಡೇಟ್ ಯೋಜನೆ ಇದೆ. ಇಎಸ್‌ಯು ಅಂತ ಕರೆಯುತ್ತಾರೆ. ಮೈಕ್ರೋಸಾಫ್ಟ್ ಈ ಯೋಜನೆ ತಂದಾಗ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಅಂತ ಗಡುವು ಇಟ್ಟಿತು. ಸೇರಲು ಮೂರು ದಾರಿ: ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಉಚಿತ, ಇಲ್ಲದಿದ್ದರೆ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್, ಅದೂ ಇಲ್ಲದಿದ್ದರೆ 30 ಡಾಲರ್ ಅಥವಾ ಅದಕ್ಕೆ ಸಮನಾದ ಸ್ಥಳೀಯ ಮೊತ್ತ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಕಾಣುತ್ತದೆ. ನಿಮ್ಮದು ವಿಂಡೋಸ್ 10ರ ಕೊನೇ ಆವೃತ್ತಿಯಾದ 22ಎಚ್2 ಆಗಿರಬೇಕು, ಇಲ್ಲದಿದ್ದರೆ ಮೊದಲು ಅದಕ್ಕೆ ಅಪ್‌ಡೇಟ್ ಮಾಡಿ. ಇದರಲ್ಲಿ ಬರುವುದು ಸುರಕ್ಷತಾ ಅಪ್‌ಡೇಟ್ ಮಾತ್ರ, ಹೊಸ ಸೌಲಭ್ಯ ಏನೂ ಇರುವುದಿಲ್ಲ. ಸಿಕ್ಕ ಸಮಯವನ್ನು ಮುಂದಿನ ವ್ಯವಸ್ಥೆಗೆ ಬಳಸಿಕೊಳ್ಳಿ.

*ಪ್ರೊಸೆಸರ್ ಹಳೆಯದು, ಮನೆಯಲ್ಲಿ ಬ್ರೌಸರ್, ವಿಡಿಯೋ, ಪತ್ರ ಬರೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ.* ಲಿನಕ್ಸ್ ಮಿಂಟ್ ನೋಡಿ. ಉಚಿತ, ಹಳೇ ಯಂತ್ರದಲ್ಲಿ ಹಗುರವಾಗಿ ಓಡುತ್ತದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಕಂಪ್ಯೂಟರಿನಲ್ಲಿರುವ ವಿಂಡೋಸ್ ಹಾಗೇ ಇರುತ್ತದೆ. ವೈಫೈ, ಸೌಂಡ್, ಪ್ರಿಂಟರ್ ಮೂರನ್ನೂ ಹಾಗೇ ಪರೀಕ್ಷಿಸಿ. ಕೆಲವು ಹಳೇ ಲೇಸರ್ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಬಹಳ ಸತಾಯಿಸುತ್ತವೆ. ಕನ್ನಡ ಟೈಪಿಂಗ್‌ಗೆ ಕೆಜಿಪಿ ವಿನ್ಯಾಸವೂ ಸಿಗುತ್ತದೆ, ನುಡಿಯಲ್ಲಿ ಕೈ ಪಳಗಿದವರಿಗೆ ಅದು ಹೊಸದೆನಿಸದು. ಟ್ಯಾಲಿ ಅಥವಾ ಮೈಕ್ರೋಸಾಫ್ಟ್ ಆಫೀಸ್ ಇಲ್ಲದೆ ಆಗುವುದಿಲ್ಲ ಅನ್ನುವವರಿಗೆ ಈ ದಾರಿ ಬೇಡ.

*ಯೋಗ್ಯತೆಯಿಲ್ಲದ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕುವುದು.* ಆಗುತ್ತದೆ, ಅಂಗಡಿಗಳಲ್ಲಿ ಹಾಕಿಯೂ ಕೊಡುತ್ತಾರೆ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಬರುವ ಖಾತರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ತೀರಾ ಹಳೇ ಕೆಲವು ಪ್ರೊಸೆಸರ್‌ಗಳಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಏಳುವುದೇ ಇಲ್ಲ. ಅಪ್‌ಡೇಟ್‌ಗೋಸ್ಕರ ತಾನೇ ನಾವು ಇಷ್ಟೆಲ್ಲ ಮಾಡುತ್ತಿರುವುದು? ಅದರ ಖಾತರಿಯೇ ಇಲ್ಲದ ದಾರಿಯನ್ನು ಮನೆಯವರೆಲ್ಲ ನೆಚ್ಚಿಕೊಂಡ ಕಂಪ್ಯೂಟರಿಗೆ ನಾನು ಹೇಳುವುದಿಲ್ಲ. ಕ್ರ್ಯಾಕ್ ಮಾಡಿದ ವಿಂಡೋಸ್ ವಿಷಯದಲ್ಲೂ ಅಷ್ಟೇ. ಕ್ರ್ಯಾಕ್ ಹಾಕುವ ಸಲಕರಣೆಯೊಳಗೇ ವೈರಸ್ ಇದ್ದರೆ ಅದಕ್ಕೆ ಬಾಗಿಲು ತೆಗೆದುಕೊಟ್ಟವರು ನಾವೇ ಆಗುತ್ತೇವೆ.

ಇನ್ನೊಂದು ಮಾತು, ಮನೆಯ ಹಿರಿಯರಿಗೆ ತಪ್ಪದೆ ಹೇಳಿ. "ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ನಾವು ಸರಿ ಮಾಡುತ್ತೇವೆ" ಅಂತ ಯಾರಾದರೂ ಫೋನ್ ಮಾಡಿದರೆ ಕೂಡಲೇ ಕಟ್ ಮಾಡಿ. ಮೈಕ್ರೋಸಾಫ್ಟ್ ಹಾಗೆ ತಾನಾಗಿ ಫೋನ್ ಮಾಡುವುದಿಲ್ಲ. ದುಡ್ಡು ಹೋಗಿಯೇಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾಲ್ಕನೇ ಹೆಜ್ಜೆ: ಬ್ಯಾಕಪ್

ಅಪ್‌ಗ್ರೇಡ್‌ನಲ್ಲಿ ಫೈಲುಗಳು ಹಾಗೇ ಉಳಿಯುತ್ತವೆ. ಆದರೂ ಬ್ಯಾಕಪ್ ಇಲ್ಲದೆ ಶುರು ಮಾಡಬೇಡಿ. ಡಿ ಡ್ರೈವ್‌ಗೆ ಕಾಪಿ ಮಾಡಿದರೆ ಬ್ಯಾಕಪ್ ಆಗುವುದಿಲ್ಲ, ಬಹಳ ಮನೆಗಳಲ್ಲಿ ಅದೂ ಅದೇ ಡಿಸ್ಕಿನ ಇನ್ನೊಂದು ಭಾಗ. ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಟ್ಯಾಲಿ ಡೇಟಾ, ಆಗಲೇ ಹೇಳಿದ ಫಾಂಟುಗಳು, ಬ್ರೌಸರಿನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು, ಇವೆಲ್ಲ ಬಂದವಾ ನೋಡಿ. ಆಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ, ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ಪರೀಕ್ಷಿಸಿ.

ಐದನೇ ಹೆಜ್ಜೆ: ಅಪ್‌ಗ್ರೇಡ್

ದಿನ ನೋಡಿಕೊಂಡು ಶುರು ಮಾಡಿ. ತಿಂಗಳ 20ನೇ ತಾರೀಕಿಗೆ ಜಿಎಸ್‌ಟಿ ರಿಟರ್ನ್ ಹಾಕುವವರು 18ಕ್ಕೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮಕ್ಕಳ ಸಿಇಟಿ ಅರ್ಜಿಯ ಕೊನೇ ವಾರವೂ ಬೇಡ. ಶನಿವಾರ ಬೆಳಿಗ್ಗೆ ಒಳ್ಳೆಯದು, ಭಾನುವಾರ ಕೈಯಲ್ಲಿರುತ್ತದೆ. ಹಲವು ಜಿಬಿ ಡೌನ್‌ಲೋಡ್ ಆಗುವುದರಿಂದ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಳ್ಳಬೇಡಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ, ಅದರ ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಆದರೆ ಪೂರ್ತಿ ಚಾರ್ಜ್ ಮಾಡಿ, ಚಾರ್ಜರ್ ಹಾಕಿಯೇ ಬಿಡಿ. ಆ್ಯಂಟಿವೈರಸ್ ಬೇರೆ ಕಂಪನಿಯದ್ದಾದರೆ ತಾತ್ಕಾಲಿಕವಾಗಿ ತೆಗೆಯುವುದು ಒಳ್ಳೇದು.

ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ವಿಂಡೋಸ್ 11 ತಯಾರಿದೆ ಅಂತ ಕಂಡರೆ ಡೌನ್‌ಲೋಡ್ ಆ್ಯಂಡ್ ಇನ್‌ಸ್ಟಾಲ್ ಒತ್ತಿ. ಕಾಣದಿದ್ದರೆ ಮೈಕ್ರೋಸಾಫ್ಟ್ ಜಾಲತಾಣದಿಂದ ಇನ್‌ಸ್ಟಲೇಶನ್ ಅಸಿಸ್ಟೆಂಟ್ ಇಳಿಸಿ ಓಡಿಸಿ. ಏನೇನು ಉಳಿಸಿಕೊಳ್ಳಬೇಕು ಅಂತ ಕೇಳಿದರೆ ಫೈಲ್ ಮತ್ತು ಆ್ಯಪ್ ಎರಡೂ ಇರಲಿ ಅಂತ ಆಯ್ದುಕೊಳ್ಳಿ. ನಡುವೆ ಹಲವು ಸಲ ರೀಸ್ಟಾರ್ಟ್ ಆಗುತ್ತದೆ. ಶೇಕಡಾ ಲೆಕ್ಕ ಒಂದೇ ಕಡೆ ತುಂಬಾ ಹೊತ್ತು ನಿಂತಂತೆ ಕಾಣಬಹುದು. ಪವರ್ ಬಟನ್ ಮುಟ್ಟಬೇಡಿ.

ಆರನೇ ಹೆಜ್ಜೆ: ಮೊದಲ ಹತ್ತು ದಿನ

ಹೊಸ ವಿಂಡೋಸ್ ಎದ್ದ ಮೇಲೆ ಆ ಹಾಳೆ ಹಿಡಿದು ಒಂದೊಂದನ್ನೇ ತಾಳೆ ನೋಡಿ. ಒಂದು ಪುಟ ಪ್ರಿಂಟ್ ತೆಗೆಯಿರಿ. ಸಹಿಯ ಟೋಕನ್ ಹಾಕಿ ಲಾಗಿನ್ ಆಗಿ. ಹಳೇ ನುಡಿ ಫೈಲೊಂದನ್ನು ತೆರೆಯಿರಿ. ಹಿಂದೆ ತುಂಗಾ ಫಾಂಟಿನಲ್ಲಿ ಮಾಡಿದ ಫೈಲುಗಳ ಚಹರೆ ಬದಲಾಗಿದ್ದರೆ, ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಿ. ವಿಂಡೋಸ್‌ನದೇ ಕನ್ನಡ ಫೋನೆಟಿಕ್ ಕೀಬೋರ್ಡ್ ಬೇಕಿದ್ದರೆ ಭಾಷೆಯ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಸೇರಿಸಿ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿದರೆ ಇಂಗ್ಲಿಷ್‌ಗೂ ಕನ್ನಡಕ್ಕೂ ಅದಲು ಬದಲಾಗುತ್ತದೆ. ಸ್ಟಾರ್ಟ್ ಬಟನ್ ನಡುವೆ ಬಂದದ್ದು ಹಿರಿಯರಿಗೆ ಗೊಂದಲ ಮಾಡುತ್ತದೆ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮತ್ತೆ ಎಡಕ್ಕೆ ತನ್ನಿ.

ಏನೋ ಒಂದು ಮುಖ್ಯವಾದದ್ದು ಕೈಕೊಟ್ಟಿತು ಅಂದುಕೊಳ್ಳಿ. ಹತ್ತು ದಿನದೊಳಗೆ ವಿಂಡೋಸ್ 10ಕ್ಕೆ ವಾಪಸ್ ಹೋಗಬಹುದು. ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ಅಲ್ಲಿ ಗೋ ಬ್ಯಾಕ್. ನಿಮ್ಮ ಫೈಲ್ ಉಳಿಯುತ್ತವೆ, ಅಪ್‌ಗ್ರೇಡ್ ಆದ ಮೇಲೆ ಹಾಕಿದ ಆ್ಯಪ್‌ಗಳು ಹೋಗುತ್ತವೆ. ವಾಪಸ್ ಹೋದರೆ ಅದೇ ದಿನ ಇಎಸ್‌ಯುಗೆ ಸೇರಿಕೊಳ್ಳಿ. ಈ ಹತ್ತು ದಿನ ಸಿ ಡ್ರೈವ್‌ನಲ್ಲಿ ವಿಂಡೋಸ್ ಡಾಟ್ ಓಲ್ಡ್ ಎಂಬ ದೊಡ್ಡ ಫೋಲ್ಡರ್ ಕಾಣುತ್ತದೆ. ವಾಪಸ್ ಹೋಗುವ ದಾರಿ ಇರುವುದೇ ಅದರಲ್ಲಿ, ಜಾಗ ಮಾಡಲು ಅಂತ ಅಳಿಸಬೇಡಿ. ಅವಧಿ ಮುಗಿದ ಮೇಲೆ ವಿಂಡೋಸೇ ಅದನ್ನು ತೆಗೆಯುತ್ತದೆ.